ಆಗಸ್ಟಿನಲ್ಲಿ ಅಕ್ಕನಿಗೊಂದು ಊಟ

ಎಡಿನ್‌ಬರೋದಲ್ಲಿ ಗೂಗಲ್‌ಗೆ ಗೊತ್ತಿಲ್ಲದ ಗಲ್ಲಿ ಇದ್ದರೂ ಇರಬಹುದು, ಡೂಗಲ್‌ಗೆ ಗೊತ್ತಿಲ್ಲದ ಗಲ್ಲಿ ಇಲ್ಲ. ಡೂಗಲ್ ಬ್ರೆಮ್ನರ್ ಮೂವತ್ತನಾಲ್ಕು ವರ್ಷಗಳಿಂದ ಈ ಊರಿನ ಬಸ್ಸು ಓಡಿಸುತ್ತಿರುವವನು. ಯಾವ ತಿರುವಿನಲ್ಲಿ ಯಾವ ಮುದುಕಿ ಕೈ ಅಡ್ಡ ಹಾಕುತ್ತಾಳೆ, ಯಾವ ಸಿಗ್ನಲ್ಲು ಎಷ್ಟು ಹೊತ್ತು ಕೆಂಪಗೆ ಮುಖ ಊದಿಸಿಕೊಂಡಿರುತ್ತದೆ, ಯಾವ ಬೇಕರಿಯ ಪೈ ಎಷ್ಟು ಗಂಟೆಗೆ ಖಾಲಿಯಾಗುತ್ತದೆ, ಎಲ್ಲ ಬಾಯಿಪಾಠ. ವರ್ಷದಲ್ಲಿ ಹನ್ನೊಂದು ತಿಂಗಳು ಊರು ಅವನದು. ಉಳಿದ ಒಂದು ತಿಂಗಳು, ಅಂದರೆ ಆಗಸ್ಟು, ಊರು ಊರಿನವರದಲ್ಲ.

ಆಗಸ್ಟಿನಲ್ಲಿ ಉತ್ಸವ. ತಮ್ಮ ತಮ್ಮ ಊರಿನವರು ಪುಕ್ಕಟೆ ತೋರಿಸಿದರೂ ನೋಡದ ನಾಟಕಗಳನ್ನು ಹೊತ್ತುಕೊಂಡು ಪ್ರಪಂಚದ ಮೂಲೆಮೂಲೆಯಿಂದ ಜನ ಬಂದಿಳಿಯುತ್ತಾರೆ. ಚರ್ಚು, ಶಾಲೆ, ಗೋದಾಮು, ದೋಭಿ ಅಂಗಡಿ, ಎಲ್ಲವೂ ರಂಗಮಂದಿರ. ರಸ್ತೆಯ ನಡುವೆ ಒಂಟಿಚಕ್ರದ ಸೈಕಲ್ ಹತ್ತಿದವನೊಬ್ಬ ಉರಿಯುವ ಪಂಜುಗಳನ್ನು ಎಸೆದು ಹಿಡಿಯುತ್ತಿರುತ್ತಾನೆ. ಅವನ ಹಿಂದೆ ಎಪ್ಪತ್ತು ಜನರನ್ನು ತುಂಬಿಕೊಂಡು ಡೂಗಲ್ ಹಲ್ಲು ಕಡಿಯುತ್ತಿರುತ್ತಾನೆ. “ನಾಟಕ ಆಡದೆ ಉಳಿದಿರೋ ಜಾಗ ಈ ಊರಲ್ಲಿ ನನ್ನ ಬಸ್ಸೊಂದೇ,” ಎಂದು ಅವನು ಡಿಪೋದಲ್ಲಿ ಹೇಳುತ್ತಿದ್ದ. ಹೋದ ವರ್ಷ ಯಾರೋ ಬಸ್ಸಿನ ಮಹಡಿಯ ಮೇಲಿನ ಹಿಂದಿನ ಸೀಟಿನಲ್ಲಿ ನಿಂತು ಸತ್ತ ರಾಜನ ಪಾರ್ಟು ಮಾಡಿದ ಮೇಲೆ ಆ ಮಾತೂ ಹೋಯಿತು.

ಈ ವರ್ಷ ಆಗಸ್ಟಿನ ಮೇಲಿನ ಅವನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಗ್ಲಾಸ್ಗೋದಿಂದ ಅವನ ಅಕ್ಕ ಸೆಂಗಾ ಬರುವವಳಿದ್ದಳು. ಅವಳಿಗೆ ಅವನು ಒಂದು ಹೊತ್ತಿನ ಊಟ ಹಾಕಬೇಕಿತ್ತು. ಒಂಬತ್ತು ವರ್ಷದ ಹಿಂದೆ ಹಾಕದೆ ಬಿಟ್ಟ ಊಟ ಅದು.

ಅಕ್ಕತಮ್ಮ ಇಬ್ಬರೂ ಹುಟ್ಟಿದ್ದು ಗ್ಲಾಸ್ಗೋದಲ್ಲಿ, ಹಡಗುಕಟ್ಟೆಯ ಪಕ್ಕದ ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಅಜ್ಜಿಯ ಹೆಸರು ಆಗ್ನೆಸ್. ಮಗುವಿಗೆ ಅದೇ ಹೆಸರಿಡಬೇಕೆಂದು ಅಮ್ಮ ಹಟ ಹಿಡಿದಾಗ, ಅತ್ತೆಯನ್ನು ಕಂಡರಾಗದ ಅಪ್ಪ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಸೆಂಗಾ ಎಂದು ಬರೆಸಿ ಬಂದ. ಹೆಸರಿಗೆ ತಕ್ಕಂತೆ ಶೇಂಗಾಬೀಜದಷ್ಟೇ ಆಳು, ಆದರೆ ಬಾಯಿಗೆ ಹಾಕಿಕೊಂಡರೆ ಮೆಣಸಿನಕಾಯಿ. ಡೂಗಲ್ ಇಪ್ಪತ್ತಮೂರನೆಯ ವಯಸ್ಸಿಗೆ ಎಡಿನ್‌ಬರೋದ ನೆಟ್ಟಾಳನ್ನು ಮದುವೆಯಾಗಿ ಈ ಊರಿಗೆ ಬಂದ. ರೈಲಿನಲ್ಲಿ ಮುಕ್ಕಾಲು ಗಂಟೆಯ ಚಿಲ್ಲರೆ ದಾರಿ. ಆದರೆ ಗ್ಲಾಸ್ಗೋದವರ ಲೆಕ್ಕದಲ್ಲಿ ಅವನು ಸಮುದ್ರ ದಾಟಿ ಹೋಗಿದ್ದ.

ಎಡಿನ್‌ಬರೋದವರ ಉಪಚಾರದ ಬಗ್ಗೆ ಗ್ಲಾಸ್ಗೋದವರು ಹೇಳಿ ನಗುವುದು ಇಂದು ನಿನ್ನೆಯದಲ್ಲ. ಗ್ಲಾಸ್ಗೋದಲ್ಲಿ ಬಾಗಿಲು ತೆಗೆದ ತಕ್ಷಣ ಕೆಟಲ್ಲಿಗೆ ಕೈ ಹೋಗುತ್ತದಂತೆ; ಎಡಿನ್‌ಬರೋದಲ್ಲಿ ಬಾಗಿಲು ತೆಗೆದ ತಕ್ಷಣ, “ಬನ್ನಿ, ಊಟ ಮುಗಿಸ್ಕೊಂಡೇ ಬಂದಿರ್ತೀರಿ,” ಎನ್ನುತ್ತಾರಂತೆ. ಅದು ಪ್ರಶ್ನೆಯಲ್ಲ. ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ಒಂಬತ್ತು ವರ್ಷದ ಹಿಂದೆ, ನವೆಂಬರಿನ ಒಂದು ಭಾನುವಾರ ಸಂಜೆ ಐದು ಗಂಟೆಗೆ, ಸೆಂಗಾ ಮತ್ತು ಅವಳ ಗಂಡ ಬಾಯ್ಡ್ ಹೇಳದೆ ಕೇಳದೆ ಡೂಗಲ್‌ನ ಮನೆಯ ಐವತ್ತೆಂಟು ಮೆಟ್ಟಿಲು ಹತ್ತಿ ಬಂದರು. ನೆಟ್ಟಾ ಕೆಲಸಕ್ಕೆ ಹೋಗಿದ್ದಳು. ಆಗ ತಾನೇ ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಕಣ್ಣು ಮುಚ್ಚಿದ್ದ ಡೂಗಲ್ ಎದ್ದು ಬಾಗಿಲು ತೆಗೆದ. ತೆಗೆದವನ ಬಾಯಿಂದ, ಇಪ್ಪತ್ತೊಂಬತ್ತು ವರ್ಷ ಈ ಊರಿನ ನೀರು ಕುಡಿದ ಬಾಯಿಂದ, ಆ ಮಾತು ತಾನಾಗಿ ಉದುರಿತು:

“ಓ, ನೀವಾ! ಬನ್ನಿ ಬನ್ನಿ. ಊಟ ಮುಗಿಸ್ಕೊಂಡೇ ಬಂದಿರ್ತೀರಿ.”

ಬಾಯ್ಡ್ ಸಾಧು ಮನುಷ್ಯ, “ಹೂಂ” ಎಂದ. ಸೆಂಗಾ ಏನೂ ಅನ್ನಲಿಲ್ಲ. ನಲವತ್ತು ನಿಮಿಷ ಕೂತು ಎರಡು ಬಿಸ್ಕತ್ತು ನೋಡಿ, ತಿನ್ನದೆ, ಇಳಿದು ಹೋದರು. ಅಲ್ಲಿಗೆ ಮಾತು ನಿಂತಿತು. ಕ್ರಿಸ್ಮಸ್ಸಿಗೆ ಕಾರ್ಡಿಲ್ಲ, ಹುಟ್ಟುಹಬ್ಬಕ್ಕೆ ಫೋನಿಲ್ಲ.

ನಾಲ್ಕು ವರ್ಷದ ಹಿಂದೆ ಬಾಯ್ಡ್ ತೀರಿಕೊಂಡಾಗ ಡೂಗಲ್ ಮಣ್ಣಿಗೆ ಹೋಗಿದ್ದ. ಮಣ್ಣು ಮುಗಿಸಿ ಬಂದವರಿಗೆಲ್ಲ ಹೋಟೆಲಿನಲ್ಲಿ ಮಾಂಸದ ಪೈ ಬಡಿಸುವುದು ಪದ್ಧತಿ. ಸೆಂಗಾ ಕಪ್ಪು ಉಡುಪಿನಲ್ಲಿ, ಕೈಯಾರೆ ತಟ್ಟೆ ಹಂಚುತ್ತ, ಒಬ್ಬೊಬ್ಬರನ್ನೇ ಮಾತಾಡಿಸುತ್ತ ಬಂದಳು. ಡೂಗಲ್ ಮುಂದೆ ನಿಂತಳು. ಹಬೆಯಾಡುವ ತಟ್ಟೆ ಅವನ ಮೂಗಿನ ಕೆಳಗೇ ಇತ್ತು.

“ನೀನು ಊಟ ಮುಗಿಸ್ಕೊಂಡೇ ಬಂದಿರ್ತೀಯ,” ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿ, ತಟ್ಟೆಯನ್ನು ಪಕ್ಕದವನ ಮುಂದಿಟ್ಟು ಮುಂದೆ ಹೋದಳು.

ಅವತ್ತಿನಿಂದ ಡೂಗಲ್ ಮಾಂಸದ ಪೈ ಮುಟ್ಟಿಲ್ಲ.

ಹೀಗಿರುವಾಗ ಜುಲೈನಲ್ಲಿ ಫೋನು ಬಂತು. ಸೆಂಗಾಳ ಮೊಮ್ಮಗಳು ಕಾಲೇಜಿನ ತಂಡದ ಜೊತೆ ಉತ್ಸವದ ಯಾವುದೋ ನಾಟಕದಲ್ಲಿ ಪಾರ್ಟು ಮಾಡುತ್ತಿದ್ದಳು. “ಅದನ್ನ ನೋಡೋಕೆ ಬರ್ತಾ ಇದೀನಿ. ನಾಲ್ಕೂವರೆಗೆ ಮುಗಿಯುತ್ತೆ. ಏಳೂವರೆ ರೈಲಿಗೆ ವಾಪಸ್ ಹೋಗ್ಲೇಬೇಕು, ಬೆಕ್ಕಿಗೆ ಒಂಬತ್ತಕ್ಕೆ ಔಷಧಿ ಇದೆ,” ಎಂದಳು. ಆಮೇಲೆ, “ನಿನ್ನ ಮನೆ ಮೆಟ್ಟಿಲು ಹತ್ತೋದಿಲ್ಲ. ಹೊರಗೆಲ್ಲಾದ್ರೂ ಊಟ ಹಾಕಿಸ್ತೀಯೇನು?”

“ಹಾಕಿಸ್ತೀನಿ ಅಕ್ಕಾ! ಹೊಟ್ಟೆ ಬಿರಿಯೋ ಹಾಗೆ ಹಾಕಿಸ್ತೀನಿ!” ಎಂದು ಡೂಗಲ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದ.

ನೆಟ್ಟಾ ಹೆಸರಿಗೆ ತಕ್ಕಂತೆ ನೆಟ್ಟಗೆ ಮಾತಾಡುವ ಹೆಂಗಸು. “ಇವತ್ತೇ ಟೇಬಲ್ ಬುಕ್ ಮಾಡು,” ಎಂದಳು.

“ಬುಕ್ಕಾ? ಮೂವತ್ತು ವರ್ಷದಿಂದ ರೆನಾಟೋ ಕೆಫೆಯಲ್ಲಿ ಅದೇ ಕಿಟಕಿ ಪಕ್ಕ ಕೂತ್ಕೊಂಡು ಮೀನು ತಿಂತಾ ಇದೀನಿ. ನಮ್ಮೂರಲ್ಲಿ ನಾನು ಊಟಕ್ಕೆ ಅರ್ಜಿ ಹಾಕ್ಬೇಕಾ?”

“ಊರು ನಮ್ಮದು ಸರಿ. ತಿಂಗಳು ನಮ್ಮದಲ್ಲ.”

ಆ ಮಾತು ಕೇಳಬೇಕಿತ್ತು. ಗಂಡಸರು ಕೇಳಬೇಕಾದ ಮಾತುಗಳೆಲ್ಲ ಯಾಕೋ ಅಡುಗೆಮನೆಯಿಂದಲೇ ಬರುತ್ತವೆ, ಅಲ್ಲೇ ಉಳಿದುಬಿಡುತ್ತವೆ.

ಆ ದಿನ ಡೂಗಲ್ ಇಸ್ತ್ರಿ ಶರ್ಟು ಹಾಕಿಕೊಂಡು ನಾಲ್ಕೂಕಾಲಿಗೇ ನಾಟಕ ನಡೆಯುತ್ತಿದ್ದ ಚರ್ಚಿನ ಮುಂದೆ ನಿಂತಿದ್ದ. ಸಣ್ಣಗೆ ಹನಿಯುತ್ತಿತ್ತು. ಸೆಂಗಾ ಹೊರಗೆ ಬಂದಳು. ನಾಲ್ಕು ವರ್ಷದಲ್ಲಿ ಇನ್ನೊಂದು ಸುತ್ತು ಕುಗ್ಗಿದ್ದಳು. ಕೋಟಿನೊಳಗೆ ಅವಳಿಗಿಂತ ಕೋಟೇ ಜಾಸ್ತಿ ಇತ್ತು. ತಮ್ಮನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

“ದಪ್ಪ ಆಗಿದೀಯ. ಯಾರ ಮನೇಲಿ ತಿಂತೀಯ?”

“ನಾಟಕ ಹೇಗಿತ್ತು ಅಕ್ಕಾ?”

“ಒಂದು ಗಂಟೆ ನಾಟಕದಲ್ಲಿ ನಮ್ಮ ಹುಡುಗಿ ಐವತ್ತು ನಿಮಿಷ ಮರ. ಕೊನೇ ಹತ್ತು ನಿಮಿಷ ಅವಳನ್ನ ಕಡಿದರು. ಚೆನ್ನಾಗಿ ಬಿದ್ದಳು. ಬೆಳಗ್ಗೆ ಒಂದು ಚೂರು ಬ್ರೆಡ್ಡು ತಿಂದಿದ್ದು ಕಣೋ, ಈಗ ಕಡೀದೇ ಇದ್ರೂ ಬೀಳೋ ಸ್ಥಿತಿ ನಂದು. ನಡಿ.”

ಅವಳು ಹಸಿದು ಬಂದಿದ್ದಾಳೆ ಎಂದು ಕೇಳಿ ಡೂಗಲ್‌ಗೆ ಒಳಗೊಳಗೇ ಹಿಗ್ಗಾಯಿತು. ಲೀತ್ ವಾಕ್ ಎಂಬ ಬೀದಿಯ ಇಳಿಜಾರಿನಲ್ಲಿ ಕೈಗೆ ಕೈ ಕೊಟ್ಟು ನಡೆಸಿಕೊಂಡು ಹೊರಟ. ದಾರಿಯುದ್ದಕ್ಕೂ ನಾಟಕದ ಚೀಟಿ ಹಂಚುವವರು ಜೇನುನೊಣದ ಹಾಗೆ ಮುತ್ತುತ್ತಿದ್ದರು. ಡೂಗಲ್ ಮೊಣಕೈಯಲ್ಲಿ ತಳ್ಳುತ್ತ ಹೋದ. ಸೆಂಗಾ ಮಾತ್ರ ಎಲ್ಲರ ಹತ್ತಿರವೂ ಇಸಿದುಕೊಂಡಳು. “ಪಾಪ, ನಮ್ಮ ಮರವೂ ಬೆಳಗ್ಗೆಲ್ಲ ಹಿಂಗೇ ಹಂಚುತ್ತೆ.” ಒಂದು ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು: “ಹಸಿವು. ಏಕವ್ಯಕ್ತಿ ಪ್ರಯೋಗ. ನೋಡಪ್ಪ, ನಂದನ್ನ ಆಗ್ಲೇ ಶುರು ಮಾಡ್ಬಿಟ್ಟಿದಾರೆ.”

ರೆನಾಟೋ ಕೆಫೆಯ ಬಾಗಿಲಲ್ಲಿ ಉದ್ದಕ್ಕೆ ಕ್ಯೂ ಇತ್ತು. ವ್ಯಾಪಾರ ಚೆನ್ನಾಗಿದೆ ಎಂದುಕೊಂಡು ಡೂಗಲ್ ಪಕ್ಕದಿಂದ ನುಗ್ಗಿದ. ಒಳಗೆ ಕತ್ತಲು. ರೆನಾಟೋ ಏಪ್ರನ್ ಕಟ್ಟಿಕೊಂಡಿರಲಿಲ್ಲ. ಕೊರಳಿಗೆ ಗುರುತಿನ ಬಿಲ್ಲೆ ಹಾಕಿಕೊಂಡು ಟಿಕೆಟ್ ಹರಿಯುತ್ತಿದ್ದ.

“ಡೂಗಲ್! ನೀನೂ ನಾಟಕಕ್ಕೆ ಬಂದ್ಯಾ?”

“ಮೀನು ತಿನ್ನೋಕೆ ಬಂದೆ. ಇವಳು ನಮ್ಮಕ್ಕ. ನನ್ನ ಟೇಬಲ್ ಎಲ್ಲಿ?”

ರೆನಾಟೋ ಎರಡೂ ಕೈ ಎದೆಯ ಮೇಲಿಟ್ಟುಕೊಂಡ. “ಟೇಬಲ್ ಇದೆ. ಅದರ ಮೇಲೆ ಒಬ್ಬ ನಿಂತಿದ್ದಾನೆ.”

ನಿಜವೇ. ಕಿಟಕಿಯ ಪಕ್ಕದ ಆ ಟೇಬಲ್ಲಿನ ಮೇಲೆ ಸೀಗಡಿಯ ವೇಷ ಹಾಕಿದ ದೊಡ್ಡ ಗಂಡಸೊಬ್ಬ ನಿಂತು, ತನ್ನ ಅಪ್ಪ ತನ್ನನ್ನು ಯಾವತ್ತೂ ಅರ್ಥ ಮಾಡಿಕೊಳ್ಳಲಿಲ್ಲ ಎಂದು ಇಪ್ಪತ್ತು ಜನರಿಗೆ ಹೇಳಿಕೊಳ್ಳುತ್ತಿದ್ದ.

“ಒಲೆ?” ಎಂದ ಡೂಗಲ್.

“ಒಲೆ ಹಚ್ಚಿದ್ರೆ ಸದ್ದಾಗುತ್ತೆ ಅಂತಾರೆ. ಸೆಪ್ಟೆಂಬರಲ್ಲಿ ಬಾ ಮಾರಾಯಾ, ನಾನೇ ನಿಂತು ಕರಿದು ಹಾಕ್ತೀನಿ.”

“ಸೆಪ್ಟೆಂಬರ್ ತನಕ ನಾನು ಬದುಕಿರಬೇಕಲ್ಲ,” ಎಂದಳು ಸೆಂಗಾ. “ಸೀಗಡಿ ನಡೀತಿತ್ತು. ಆದ್ರೆ ಅದು ಮಾತಾಡ್ತಾ ಇದೆ.”

ಐದು ಗಂಟೆಯಾಗಿತ್ತು. ಡೂಗಲ್ ಧೈರ್ಯ ಬಿಡಲಿಲ್ಲ. ಎರಡು ಬೀದಿ ಆಚೆ ಒಂದು ಪಬ್ಬಿತ್ತು, ಕಟ್ಟಿಗೆಯ ಬೆಂಚುಗಳ, ತಟ್ಟೆ ತುಂಬ ಬಡಿಸುವ ಹಳೆಯ ಪಬ್ಬು. ಅದರ ಬಾಗಿಲಲ್ಲಿ ಈಗ ಕೈಯಲ್ಲೊಂದು ಫಲಕ ಹಿಡಿದ ಹುಡುಗಿ ನಿಂತಿದ್ದಳು. ಮಾತಿನ ಧಾಟಿ ಆಸ್ಟ್ರೇಲಿಯಾದ್ದು, ನಗು ಟೂತ್‌ಪೇಸ್ಟಿನದು.

“ಬುಕ್ ಮಾಡಿದೀರಾ ಸರ್?”

“ನಾನು ಈ ಊರಿನವನಮ್ಮ.”

ಹುಡುಗಿ ಶ್ರದ್ಧೆಯಿಂದ ಪಟ್ಟಿಯ ಮೇಲೆ ಬೆರಳಾಡಿಸಿದಳು. “ಆ ಹೆಸರಲ್ಲಿ ಬುಕಿಂಗ್ ಇಲ್ಲ ಸರ್.”

“ಹೆಸರಲ್ಲ! ಮೂವತ್ತನಾಲ್ಕು ವರ್ಷದಿಂದ ಈ ಬಾಗಿಲ ಮುಂದೆ ಬಸ್ ನಿಲ್ಲಿಸ್ತಾ ಇದೀನಿ!”

“ಅಯ್ಯೋ, ಸಾರಿ ಸರ್. ಎಂಟೂವರೆಗೆ ಒಂದು ಟೇಬಲ್ ಖಾಲಿಯಾಗುತ್ತೆ. ನಾಯಿ ಜೊತೆ ಹಂಚ್ಕೋಬೇಕು.”

“ಯಾರ ನಾಯಿ?” ಎಂದು ಸೆಂಗಾ ಕೇಳಿದಳು, ಒಪ್ಪಿಕೊಳ್ಳುವವಳ ಹಾಗೆ. ಡೂಗಲ್ ಅವಳನ್ನು ಎಳೆದುಕೊಂಡು ಹೊರಟ.

ಆಮೇಲಿನ ಮುಕ್ಕಾಲು ಗಂಟೆಯಲ್ಲಿ ಅವರು ಆರು ಬಾಗಿಲು ತಟ್ಟಿದರು. ಒಂದು ಕಡೆ ಬಾಗಿಲಿಗೆ ಅಂಟಿಸಿದ ಚೌಕಾಕಾರದ ಕ್ಯೂಆರ್ ಚಿತ್ರಕ್ಕೆ ಫೋನು ಹಿಡಿದು ಒಳಗೆ ಬನ್ನಿ ಎಂದರು. ಡೂಗಲ್‌ನ ಫೋನು ಆ ಚಿತ್ರವನ್ನು ನೋಡಿ ಕಣ್ಣು ಮುಚ್ಚಿತು. ಇನ್ನೊಂದು ಕಡೆ ಅಡಿಗೆಯವರೇ ನಾಟಕ ನೋಡಲು ಹೋಗಿದ್ದರು. ಗೂಗಲ್‌ಗಿಂತ ಚೆನ್ನಾಗಿ ಊರು ಬಲ್ಲ ಡೂಗಲ್, ತನ್ನ ಊರಿನಲ್ಲೇ ಭಿಕ್ಷಾಂದೇಹಿ ಎಂದು ಬಾಗಿಲು ಬಾಗಿಲು ಅಲೆದ. ನೆಟ್ಟಾಳ ಮಾತು ತಲೆಯೊಳಗೆ ಗಡಿಯಾರದಂತೆ ಬಡಿಯುತ್ತಿತ್ತು. ಸೆಂಗಾ ಏನೂ ಅನ್ನಲಿಲ್ಲ. ಒಂಬತ್ತು ವರ್ಷದ ಹಿಂದೆಯೂ ಅವಳು ಏನೂ ಅಂದಿರಲಿಲ್ಲ, ಅದೇ ಅವನಿಗೆ ಹೆದರಿಕೆ.

ಏಳನೆಯ ಬಾಗಿಲಲ್ಲಿ ಜಾಗ ಸಿಕ್ಕಿತು. ಗೋಡೆಗೆ ಮುಖ ಮಾಡಿದ ಎರಡು ಎತ್ತರದ ಸ್ಟೂಲು. ಸೆಂಗಾಳನ್ನು ಅದರ ಮೇಲೆ ಏರಿಸಲು ಡೂಗಲ್ ಮತ್ತು ವೇಟರ್ ಇಬ್ಬರೂ ಸೇರಬೇಕಾಯಿತು. ವೇಟರ್‌ಗೆ ತುದಿ ತಿರುವಿದ ಮೀಸೆ.

“ನಮ್ಮಲ್ಲಿಗೆ ಮೊದಲ ಸಲನಾ? ನಮ್ಮ ಪರಿಕಲ್ಪನೆ ವಿವರಿಸ್ಲಾ?”

“ಊಟಕ್ಕೆ ಪರಿಕಲ್ಪನೆ ಏನಪ್ಪ,” ಎಂದಳು ಸೆಂಗಾ. “ನೀನು ತಂದಿಡ್ತೀಯ, ನಾನು ತಿಂತೀನಿ. ನಮ್ಮಮ್ಮನ ಕಾಲದಿಂದ ಅದೇ ಪರಿಕಲ್ಪನೆ.”

ಕಾಲು ಗಂಟೆಯ ನಂತರ ಕಪ್ಪು ಕಲ್ಲಿನ ಹಲಗೆಯೊಂದು ಬಂತು. ಅದರ ಒಂದು ಮೂಲೆಯಲ್ಲಿ ಗೋಲಿಯಷ್ಟು ದೊಡ್ಡ ಹ್ಯಾಗಿಸ್ ಉಂಡೆ ಮೂರು. ಕುರಿಯ ಗುಂಡಿಗೆ, ಈಲಿ, ಓಟ್ಸು ಎಲ್ಲ ಸೇರಿಸಿ ಬೇಯಿಸಿ ತಟ್ಟೆಗೆ ಗುಡ್ಡೆ ಹಾಕುವ ಪದಾರ್ಥವನ್ನು ಅಷ್ಟು ಚಿಕ್ಕದು ಮಾಡಬೇಕಾದರೆ ಕಲೆ ಬೇಕು. ಪ್ರತಿ ಉಂಡೆಯ ತಲೆಯ ಮೇಲೆ ಒಂದೊಂದು ನೇರಳೆ ಹೂವು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಸೆಂಗಾ ಹಲಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಸ್ಲೇಟು ಕೊಟ್ಟಿದಾರೆ. ಬಳಪ ಎಲ್ಲಿ? ಉಳಿದ ಊಟ ಬರ್ಕೊಳ್ಳೋಣ.”

“ಇನ್ನೂ ನಾಲ್ಕು ತಟ್ಟೆ ಹೇಳ್ತೀನಿ ಅಕ್ಕಾ—”

“ಅಷ್ಟರಲ್ಲಿ ನಿಮ್ಮ ಸಮಯ ಮುಗಿಯುತ್ತೆ ಸರ್,” ಎಂದ ಮೀಸೆ, ನಿಜವಾಗಿಯೂ ಬೇಸರದಿಂದ. “ಆರೂವರೆಗೆ ಬೇರೆಯವರಿದಾರೆ.”

ಡೂಗಲ್‌ನ ಕಿವಿ ಕೆಂಪಾಯಿತು. ಬಸ್ಸಿನಲ್ಲಾಗಿದ್ದರೆ ಹಾರ್ನ್ ಒತ್ತುತ್ತಿದ್ದ. ಇಲ್ಲಿ ಒತ್ತಲು ಏನೂ ಇರಲಿಲ್ಲ. ಅಕ್ಕನಿಗೆ ಎರಡು ಉಂಡೆ ಕೊಟ್ಟು, ಮೂರನೆಯದನ್ನೂ ಕೊಟ್ಟು, ಮತ್ತೆ ಬೀದಿಗೆ ಇಳಿದ.

ಆರೂ ಮೂವತ್ತೈದು. ಸ್ಟೇಷನ್ನಿಗೆ ನಡೆದರೆ ಹದಿನೈದು ನಿಮಿಷ. ಸೆಂಗಾ ಬೀದಿ ಬದಿಯ ಒಂದು ಒದ್ದೆ ಬೆಂಚಿನ ಮೇಲೆ ನಾಟಕದ ಚೀಟಿಗಳನ್ನೆಲ್ಲ ಹಾಸಿ, ಅದರ ಮೇಲೆ ಕೂತುಬಿಟ್ಟಳು. “ಕಾಲು ಸೋತುಹೋಯ್ತು. ಆ ಮೂಲೆಯಲ್ಲಿ ಮೀನು ಕರಿಯೋ ವಾಸನೆ ಬರ್ತಿದೆ. ಹೋಗಿ ಎರಡು ಫಿಶ್ ಸಪ್ಪರ್ ಕಟ್ಟಿಸ್ಕೊಂಡು ಬಾ, ಇಲ್ಲೇ ತಿನ್ನೋಣ. ನಂಗೆ ಉಪ್ಪು, ವಿನೆಗರ್. ಕೇಳಿಸ್ತಾ? ವಿನೆಗರ್. ನಿಮ್ಮೂರಿನ ಆ ಕಂದು ಕಷಾಯ ಹಾಕಿಸ್ಬೇಡ.”

ಇಲ್ಲಿ ಒಂದು ಮಾತು ಹೇಳಲೇಬೇಕು. ಫಿಶ್ ಸಪ್ಪರ್ ಅಂದರೆ ಕರಿದ ಮೀನು, ಕರಿದ ಆಲೂಗಡ್ಡೆ; ಅದು ಎರಡೂ ಊರಿನಲ್ಲಿ ಒಂದೇ. ಆದರೆ ಗ್ಲಾಸ್ಗೋದವರು ಅದರ ಮೇಲೆ ಉಪ್ಪು, ವಿನೆಗರ್ ಹಾಕುತ್ತಾರೆ. ಎಡಿನ್‌ಬರೋದವರು ಉಪ್ಪು ಮತ್ತು ಒಂದು ನೀರುನೀರಾದ ಕಂದು ಸಾಸು ಸುರಿಯುತ್ತಾರೆ. ಧರ್ಮ, ರಾಜಕೀಯ, ಫುಟ್‌ಬಾಲು ಎಲ್ಲದರಲ್ಲೂ ರಾಜಿಯಾದ ಮನೆಗಳು ಈ ಸಾಸಿನ ಮುಂದೆ ಎರಡಾಗಿವೆ.

“ವಿನೆಗರ್, ವಿನೆಗರ್,” ಎಂದು ಮಂತ್ರದ ಹಾಗೆ ಗೊಣಗುತ್ತ ಡೂಗಲ್ ಕ್ಯೂನಲ್ಲಿ ನಿಂತ. ಮುಂದೆ ಎಂಟು ಜನ, ಅವರಲ್ಲಿ ಇಬ್ಬರು ರೋಮನ್ ಸೈನಿಕರು, ಒಬ್ಬಳು ಕನ್ಯಾಮಠದ ಸನ್ಯಾಸಿನಿ, ಅವಳಿಗೆ ಗಡ್ಡ. ವಿನೆಗರ್. ಆರೂ ಐವತ್ತು. ವಿನೆಗರ್. ಸೈನಿಕರಿಗೆ ಮೀನಿನಲ್ಲಿ ಏನೇನು ಹಾಕಿದೆ ಎಂದು ತಿಳಿಯಬೇಕಿತ್ತು. ಆರೂ ಐವತ್ತೆಂಟು. ನೆಟ್ಟಾಳ ಫೋನು: “ಎಲ್ಲಿದೀರಾ? ಏನಾಯ್ತು?” “ಏನೂ ಆಗಿಲ್ಲ! ಅದೇ ತೊಂದರೆ!” ವಿನೆಗರ್. ಕೊನೆಗೆ ಅವನ ಸರದಿ ಬಂತು. ಎರಡು ಬಂಗಾರದ ಬಣ್ಣದ ಮೀನು ಕಾಗದದ ಮೇಲೆ ಬಂದು ಮಲಗಿದವು. ಕೌಂಟರಿನ ಹಿಂದಿನವನು ಕೈಯಲ್ಲಿ ಬಾಟಲಿ ಹಿಡಿದು, ತಲೆ ಎತ್ತದೆ, ದಿನಕ್ಕೆ ಮುನ್ನೂರು ಸಲ ಕೇಳುವ ಪ್ರಶ್ನೆ ಕೇಳಿದ:

“ಉಪ್ಪು-ಸಾಸು?”

ಡೂಗಲ್ ಗಡಿಯಾರ ನೋಡುತ್ತಿದ್ದ. “ಹೂಂ, ಎರಡಕ್ಕೂ,” ಎಂದ.

ಮೂವತ್ತೆಂಟು ವರ್ಷದಿಂದ ಅವನು ಆ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟವನಲ್ಲ. ಬಾಟಲಿ ಎರಡು ಸಲ ಬುಸ್ ಎಂದಿತು. ಏನಾಯಿತೆಂದು ಅವನಿಗೆ ತಿಳಿಯುವುದರೊಳಗೆ ಪೊಟ್ಟಣ ಕಟ್ಟಿಯಾಗಿತ್ತು, ಹಿಂದಿನಿಂದ ಹದಿನಾಲ್ಕು ಜನ ತಳ್ಳುತ್ತಿದ್ದರು.

ಬೆಂಚಿನವರೆಗಿನ ನಲವತ್ತು ಹೆಜ್ಜೆಯನ್ನು ಅವನು ಕಟಕಟೆಗೆ ಹೋಗುವವನ ಹಾಗೆ ನಡೆದ. ಸೆಂಗಾ ಪೊಟ್ಟಣ ತೊಡೆಯ ಮೇಲಿಟ್ಟು ಬಿಚ್ಚಿದಳು. ಹಬೆ ಎದ್ದಿತು. ಹಬೆಯ ಜೊತೆ ಆ ಕಂದು ಸಾಸಿನ ಹುಳಿ ವಾಸನೆಯೂ ಎದ್ದಿತು. ಅವಳು ಬಹಳ ಹೊತ್ತು ಮೀನನ್ನು ನೋಡಿದಳು.

“ಹೇಳಿದ್ದೆನೋ ಇಲ್ಲವೋ?”

“ಹೇಳಿದ್ದೆ.”

“ಏನಂತ ಹೇಳಿದ್ದೆ?”

“ವಿನೆಗರ್ ಅಂತ.” ಡೂಗಲ್ ತನ್ನ ಪೊಟ್ಟಣ ಬಿಚ್ಚಿ, ತಿನ್ನದೆ, ಕೈಯಲ್ಲಿ ಹಿಡಿದೇ ನಿಂತಿದ್ದ. “ನನ್ನಿಂದ ಆಗೋದಿಲ್ಲ ಅಕ್ಕಾ. ಒಂದು ಊಟ. ಒಂದೇ ಒಂದು ಊಟ ಸರಿಯಾಗಿ ಹಾಕೋಕೆ ನನ್ನಿಂದ ಆಗ್ಲಿಲ್ಲ. ಅವತ್ತು ಆ ಚಳೀಲಿ, ಪಾಪ ಬಾಯ್ಡ್, ನೀನು, ಹಸ್ಕೊಂಡು ನನ್ನ ಮನೆ ಮೆಟ್ಟಿಲು ಇಳಿದು ಹೋದ್ರಲ್ಲ, ಆ ಮೆಟ್ಟಿಲು ದಿನಾ ಹತ್ತುವಾಗ ನಂಗೆ ಅದೇ ನೆನಪು. ಐವತ್ತೆಂಟು ಮೆಟ್ಟಿಲು, ಒಂಬತ್ತು ವರ್ಷ!”

ಸೆಂಗಾ ಸಾಸು ಹತ್ತದ ಒಂದು ಚೂರು ಆಲೂಗಡ್ಡೆಯನ್ನು ಹುಡುಕಿ ತೆಗೆದು ಬಾಯಿಗೆ ಹಾಕಿಕೊಂಡಳು.

“ಹಸಿದಿರಲಿಲ್ಲ ಕಣೋ,” ಎಂದಳು.

“ಏನು?”

“ಅವತ್ತು. ಸ್ಟೇಷನ್ನಲ್ಲಿ ಇಳಿದ ತಕ್ಷಣ ಪೈ ತಿಂದಿದ್ವಿ. ನಾನು ಎರಡು, ಬಾಯ್ಡ್ ಮೂರು ತಿಂದಿದ್ದ. ನಿನ್ನ ಬಿಸ್ಕತ್ತಿಗೂ ಜಾಗ ಇರ್ಲಿಲ್ಲ.”

ಡೂಗಲ್‌ನ ಬಾಯಿ ತೆರೆದುಕೊಂಡಿತು. ಪೊಟ್ಟಣ ಹಿಡಿದಿದ್ದ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿಕೊಂಡಿತು. “ತಿಂದಿದ್ರಾ? ತಿಂದು ಬಂದಿದ್ರಾ? ಮತ್ತೆ ನಾನು ಅಂದಿದ್ದು ಸರಿಯಾಗೇ ಇತ್ತಲ್ಲ!”

“ಸರಿಯಾಗಿತ್ತು. ಅದಕ್ಕೇ ಸಿಟ್ಟು ಬಂದಿದ್ದು. ಅಮ್ಮ ಏನು ಮಾಡ್ತಿದ್ಲು? ಹಾಲಿನವನು ಬಂದ್ರೂ ಮೂರು ಸಲ ಕೇಳ್ತಿದ್ಲು. ಮೊದಲನೇ ಬೇಡ ನಾಚಿಕೆದು, ಎರಡನೇ ಬೇಡ ಅಭ್ಯಾಸದ್ದು, ಮೂರನೇ ಸಲವೂ ಬೇಡ ಅಂದ್ರೆ ಹೊಟ್ಟೆನೋವು, ಅಂತಿದ್ಲು. ನೀನು ಒಂದು ಸಲ ಕೇಳಿದ್ರೆ ಬೇಡ ಅಂತ ಹೇಳಿ, ಖುಷಿಯಾಗಿ ಹೋಗ್ತಿದ್ದೆ. ಬೇಡ ಅನ್ನೋಕೂ ಬಿಡ್ಲಿಲ್ವಲ್ಲೋ ನೀನು!”

“ಒಂಬತ್ತು ವರ್ಷ!” ಎಂದು ಡೂಗಲ್ ಕೂಗಿದ, ಎರಡೂ ಕೈ ಆಕಾಶಕ್ಕೆ ಎತ್ತಿ. “ಸಾವಿನ ಊಟದಲ್ಲಿ ನನ್ನ ಮುಂದಿಂದ ತಟ್ಟೆ ತೆಗೆದ್ಯಲ್ಲ! ಹೊಟ್ಟೆ ತುಂಬಿದವಳು—”

ಎಡಿನ್‌ಬರೋದಲ್ಲಿ ಬಿಚ್ಚಿದ ಪೊಟ್ಟಣವನ್ನು ಆಕಾಶಕ್ಕೆ ಎತ್ತಬಾರದು. ಅದು ಐದು ವರ್ಷದ ಮಗುವಿಗೂ ಗೊತ್ತು. ಎದುರಿನ ಚಿಮಣಿಯ ಮೇಲೆ ಆವರೆಗೆ ಸುಮ್ಮನೆ ಕೂತು ಸಂಸಾರದ ಜಗಳ ಕೇಳುತ್ತಿದ್ದ ಕಡಲಕಾಗೆಯೊಂದು ಕಲ್ಲೆಸೆದ ಹಾಗೆ ಇಳಿಯಿತು. ರೆಕ್ಕೆಯ ಒಂದು ಏಟು ಡೂಗಲ್‌ನ ಕಿವಿಗೆ, ಇಡೀ ಮೀನು ಅದರ ಕೊಕ್ಕಿಗೆ. ಆಲೂಗಡ್ಡೆಯೆಲ್ಲ ಬೀದಿಗೆ. ಗಡ್ಡದ ಕನ್ಯಾಮಠದವಳು ಚಪ್ಪಾಳೆ ತಟ್ಟಿದಳು. ಅವಳು ಅದನ್ನೂ ಯಾವುದೋ ಪ್ರಯೋಗ ಎಂದುಕೊಂಡಿದ್ದಳು.

ಡೂಗಲ್ ಬೆಂಚಿನ ತುದಿಗೆ ಕುಸಿದು ಕೂತ. ಇಸ್ತ್ರಿ ಶರ್ಟಿನ ತೋಳಿಗೆ ಕಂದು ಸಾಸಿನ ಗೆರೆ ಬಿದ್ದಿತ್ತು.

ಸೆಂಗಾ ತನ್ನ ಮೀನನ್ನು ಕೈಯಿಂದಲೇ ಎರಡು ಮುರಿದಳು. ದೊಡ್ಡ ಭಾಗವನ್ನು ಅವನ ಕಡೆ ಚಾಚಿದಳು.

“ತಗೋ.”

“ಬೇಡ. ನೀನು ತಿನ್ನು.”

“ತಗೋಳೋ.”

“ಬೇಡ ಅಕ್ಕಾ, ಹಸಿವಿಲ್ಲ.”

ಸೆಂಗಾ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಮಳೆಹನಿ ಮೀನಿನ ಮೇಲೂ ಬೀಳುತ್ತಿತ್ತು, ಅವಳ ಮುಂಗೈ ಮೇಲೂ.

“ಡೂಗೀ, ತಗೋ.”

ಅವನು ತೆಗೆದುಕೊಂಡ. ಇಬ್ಬರೂ ಪಕ್ಕಪಕ್ಕ ಕೂತು ಆರುತ್ತಿದ್ದ ಮೀನು ತಿಂದರು. ಸೆಂಗಾ ತುತ್ತಿಗೊಂದು ಸಲ ಸಾಸಿಗೆ ಬೈದಳು. ಇದು ಸಾಸಲ್ಲ ಸಜೆ ಎಂದಳು, ತುಕ್ಕು ಹಿಡಿದ ಹಡಗನ್ನು ತೊಳೆದ ನೀರು ಎಂದಳು, ಇಂಥದ್ದನ್ನು ತಿಂದೇ ನಿಮ್ಮೂರಿನವರಿಗೆ ಊಟಕ್ಕೆ ಕರೆಯಲು ಬಾಯಿ ಬರದೆ ಹೋಗಿದ್ದು ಎಂದಳು. ಬೈಯುತ್ತಲೇ ಕಾಗದಕ್ಕಂಟಿದ ಕೊನೆಯ ಚೂರಿನವರೆಗೂ ತಿಂದಳು.

ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ ಹುಡುಕುತ್ತ ಹೇಳಿದಳು: “ಮುಂದಿನ ತಿಂಗಳು ನೀನು ಮತ್ತು ನೆಟ್ಟಾ ನಮ್ಮನೆಗೆ ಬನ್ನಿ. ಪೈ ಮಾಡ್ತೀನಿ. ದಾರೀಲಿ ಏನಾದ್ರೂ ತಿಂದು ಬಂದ್ರೆ ಜೋಕೆ.”

ಹಿಂತಿರುಗುವಾಗ ಬಸ್ಸು ಉತ್ಸವಕ್ಕೆಂದು ಹಾಕಿದ ಹಳದಿ ಬೋರ್ಡಿನ ಸುತ್ತುದಾರಿ ಹಿಡಿದು, ಹತ್ತು ನಿಮಿಷದ ದಾರಿಗೆ ಐವತ್ತು ನಿಮಿಷ ತೆಗೆದುಕೊಂಡಿತು. ಅಷ್ಟೂ ಹೊತ್ತು ಡೂಗಲ್ ನಿಂತೇ ಇದ್ದ. ಅವನ ಮುಂದೆ ಒಂದು ಸೀಗಡಿ ಕಾಲು ಚಾಚಿ ಕೂತು ನಿದ್ದೆ ಹೊಡೆಯುತ್ತಿತ್ತು. ಅರ್ಧ ಮೀನು ಹೊಟ್ಟೆಯ ಒಂದು ಮೂಲೆಗೂ ಸಾಲದೆ, ಐವತ್ತೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಕಣ್ಣು ಮಂಜಾಗಿತ್ತು. ಒಳಗಿನಿಂದ ಬಾರ್ಲಿ ಸೂಪಿನ ವಾಸನೆ ಬರುತ್ತಿತ್ತು.

ನೆಟ್ಟಾ ಬಾಗಿಲು ತೆಗೆದಳು. ತೋಳಿನ ಸಾಸು ನೋಡಿದಳು, ಕಿವಿಯ ಗೀರು ನೋಡಿದಳು.

“ಬಂದ್ಯಾ. ಅಕ್ಕನ ಜೊತೆ ಊಟ ಮುಗಿಸ್ಕೊಂಡೇ ಬಂದಿರ್ತೀಯ,” ಎಂದು ಹೇಳಿ, ಸೂಪಿನ ಪಾತ್ರೆಯನ್ನು ಫ್ರಿಜ್ಜಿನೊಳಗಿಡಲು ಎತ್ತಿಕೊಂಡಳು.

“ಹೂಂ,” ಎಂದುಬಿಟ್ಟ ಡೂಗಲ್, ಬಾಯಿ ಅಭ್ಯಾಸದಿಂದ. ಆಮೇಲೆ ಹೊಸ್ತಿಲಲ್ಲೇ ನಿಂತು, “ನೆಟ್ಟಾ, ಇನ್ನೆರಡು ಸಲ ಕೇಳು.”

“ಯಾಕೆ, ಕಿವಿಗೆ ಏನಾಗಿದೆ?”

“ಹಕ್ಕಿ ಹೊಡೀತು. ನೀನು ಕೇಳು.”

ನೆಟ್ಟಾ ಪಾತ್ರೆ ಹಿಡಿದುಕೊಂಡೇ ಅವನನ್ನು ನೋಡಿದಳು. “ಮೂರು ಗಂಟೆ ಗ್ಲಾಸ್ಗೋದವಳ ಜೊತೆ ಓಡಾಡಿದ್ದಕ್ಕೇ ಹಿಂಗಾ,” ಎಂದು ಗೊಣಗಿ, ಪಾತ್ರೆಯನ್ನು ತಿರುಗಿ ಒಲೆಯ ಮೇಲಿಟ್ಟಳು.